ರೆಜೀನಾ ಸಿಟ್ಟು ಸ್ನೋ ಮೇಲೇಕೆ, ಅಮ್ಮನ ಮೇಲೇಕಿಲ್ಲ?

ಕುದುರೆಲಾಯ
‘ವನ್ಸ್ ಅಪಾನ್ ಎ ಟೈಮ್’ ಟಿವಿ ಸರಣಿಯನ್ನು ಪೂರ್ತಿ ನೋಡಿದವರ ಜೊತೆ ಒಂದು ವಿಷಯ ಮಾತಾಡಬೇಕಿತ್ತು. ಇನ್ನೂ ನೋಡುತ್ತಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. 2011ರಿಂದ 2018ರವರೆಗೆ ಬಂದ ಏಳೂ ಸೀಸನ್‌ಗಳ ಗುಟ್ಟು ಕೆಳಗೆ ರಟ್ಟಾಗುತ್ತದೆ.

ಮೊದಲ ಸೀಸನ್‌ನ 18ನೇ ಎಪಿಸೋಡ್ ನೆನಪಿದೆ ಅಲ್ವಾ? ಸ್ನೋ ವೈಟ್ ಕಥೆಯ ಆ ದುಷ್ಟ ರಾಣಿ, ನಮ್ಮ ರೆಜೀನಾ, ಇನ್ನೂ ರಾಣಿ ಆಗಿಲ್ಲ. ಕುದುರೆ ನೋಡಿಕೊಳ್ಳುವ ಡೇನಿಯಲ್‌ನನ್ನು ಪ್ರೀತಿಸುತ್ತಿದ್ದಾಳೆ. ಬೆದರಿ ಓಡುವ ಕುದುರೆಯ ಮೇಲಿಂದ ಪುಟ್ಟ ಸ್ನೋಳನ್ನು ಕಾಪಾಡುತ್ತಾಳೆ. ಸ್ನೋಳ ಅಪ್ಪ, ರಾಜ ಲಿಯೋಪೋಲ್ಡ್, ಬಂದು ‘ನನ್ನನ್ನು ಮದುವೆಯಾಗುತ್ತೀಯಾ’ ಅಂತ ಕೇಳುತ್ತಾನೆ. ರೆಜೀನಾ ಬಾಯಿ ಬಿಡುವ ಮೊದಲೇ ಅಮ್ಮ ಕೋರಾ ಒಪ್ಪಿಬಿಡುತ್ತಾಳೆ. ಆಮೇಲೆ ಸ್ನೋ ಲಾಯದಲ್ಲಿ ಡೇನಿಯಲ್ ಮತ್ತು ರೆಜೀನಾರನ್ನು ಒಟ್ಟಿಗೆ ನೋಡುತ್ತಾಳೆ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡುತ್ತಾಳೆ. ಕೋರಾ ಅವಳನ್ನು ನಯವಾಗಿ ಮಾತಾಡಿಸಿ ಬಾಯಿ ಬಿಡಿಸುತ್ತಾಳೆ. ಡೇನಿಯಲ್‌ನ ಎದೆಯಿಂದ ಹೃದಯ ಕಿತ್ತು, ಮಗಳ ಕಣ್ಣೆದುರೇ ಹಿಸುಕಿ ಪುಡಿ ಮಾಡುತ್ತಾಳೆ.

ಕೊಂದವಳು ಅಮ್ಮ. ಆದರೆ ಮುಂದಿನ ಅಷ್ಟೂ ವರ್ಷ ರೆಜೀನಾ ಬೆನ್ನಟ್ಟುವುದು ಸ್ನೋಳನ್ನು. ವಿಷದ ಸೇಬು ಅದಕ್ಕೇ. ಎಲ್ಲರನ್ನೂ 28 ವರ್ಷ ಸ್ಟೋರಿಬ್ರೂಕ್ ಅನ್ನುವ ಊರಲ್ಲಿ ಕೂಡಿಹಾಕಿದ ಶಾಪವೂ ಅದಕ್ಕೇ. ಬಹಳ ಜನ ಇದನ್ನು ಬರವಣಿಗೆಯ ದೋಷ ಅನ್ನುತ್ತಾರೆ. ನನ್ನ ಪ್ರಕಾರ ಇಡೀ ಸರಣಿಯಲ್ಲಿ ಇಷ್ಟು ಸರಿಯಾಗಿ ಕೂತ ಕಾರಣ ಇನ್ನೊಂದಿಲ್ಲ. ತಪ್ಪು ಅಮ್ಮನದು ಅಂತ ಒಪ್ಪಿಕೊಂಡರೆ, ಅಮ್ಮ ತನ್ನನ್ನು ಯಾವತ್ತೂ ಪ್ರೀತಿಸಲಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಡೇನಿಯಲ್ ಹೋದ ಮೇಲೆ ಅದನ್ನೂ ತಾಳಿಕೊಳ್ಳುವ ಶಕ್ತಿ ರೆಜೀನಾಗೆ ಇರಲಿಲ್ಲ. ಸಿಟ್ಟು ಕೈಗೆ ಸಿಕ್ಕ ಮಗುವಿನ ಕಡೆ ತಿರುಗಿತು. ನಿಮಗೇನನ್ನಿಸುತ್ತದೆ?

ಸೇಬಿನ ಮರ
ನಾನು ಒಪ್ಪುವುದಿಲ್ಲ. ಅಮ್ಮನ ಮೇಲೆ ರೆಜೀನಾಗೆ ಸಿಟ್ಟು ಬರಲೇ ಇಲ್ಲ ಅಂತ ಹೇಗೆ ಹೇಳುತ್ತೀರಿ? ಎರಡನೇ ಸೀಸನ್‌ನ 2ನೇ ಎಪಿಸೋಡ್ ನೋಡಿ. ಮಾಟಗಾರ ರಂಪಲ್‌ಸ್ಟಿಲ್ಟ್‌ಸ್ಕಿನ್ ಕೊಟ್ಟ ಕನ್ನಡಿಯೊಳಗೆ ಕೋರಾಳನ್ನು ತಳ್ಳಿ ಬೇರೆ ಲೋಕಕ್ಕೇ ಕಳಿಸಿಬಿಡುತ್ತಾಳೆ. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಾ?

ಸ್ನೋ ಮೇಲಿನ ಸಿಟ್ಟಿಗೆ ಕಾರಣ ತುಂಬಾ ಸರಳ. ಮಾತು ಕೊಟ್ಟು ತಪ್ಪಿದಳು. ರೆಜೀನಾ ಅಮ್ಮನಿಂದ ಒಳ್ಳೆಯದನ್ನು ನಿರೀಕ್ಷಿಸಿಯೇ ಇರಲಿಲ್ಲ. ಮಂತ್ರ ಹಾಕಿ ಗಾಳಿಯಲ್ಲಿ ಎತ್ತಿ ಕಟ್ಟಿಹಾಕುವ ಅಮ್ಮ ಅವಳು. ಆ ಮನೆಯಲ್ಲಿ ಬೆಳೆದ ಹುಡುಗಿ ಮೊದಲ ಸಲ ಒಬ್ಬರನ್ನು ನಂಬಿ ಮನಸ್ಸು ಬಿಚ್ಚಿದಳು. ಆ ನಂಬಿಕೆಯೇ ಡೇನಿಯಲ್‌ನ ಜೀವ ತೆಗೆಯಿತು. ನಂಬಿದವರು ಕೈ ಕೊಟ್ಟಾಗ ಆಗುವ ನೋವು ಶತ್ರು ಹೊಡೆದಾಗ ಆಗುವುದಿಲ್ಲ. ಇದರಲ್ಲಿ ಅಮ್ಮನ ಪ್ರೀತಿಯ ಲೆಕ್ಕ ಎಲ್ಲಿ ಬಂತು?

ಗಡಿಯಾರ 8:15
ಸ್ನೋ ಯಾಕೆ ಹೇಳಿದಳು ಅನ್ನುವುದನ್ನೂ ನೋಡಬೇಕು. ಅವಳ ಅಮ್ಮ ಈವಾ ತೀರಿಕೊಂಡಿದ್ದಾಳೆ. ಮಗಳು ತನ್ನಿಂದ ದೂರ ಆಗುತ್ತಿದ್ದಾಳೆ ಅಂತ ಕೋರಾ ಅಳುಮೋರೆ ಮಾಡಿದಾಗ ಆ ಮಗುವಿಗೆ ಕಾಣುವುದು ಒಂದೇ. ನನಗಂತೂ ಅಮ್ಮ ಇಲ್ಲ, ರೆಜೀನಾ ಆದರೂ ಅಮ್ಮನನ್ನು ಕಳೆದುಕೊಳ್ಳಬಾರದು. ಒಳ್ಳೆಯದಾಗಲಿ ಅಂತಲೇ ಹೇಳುತ್ತಾಳೆ.

ಅದರ ನಂತರದ ಮದುವೆ ಬಟ್ಟೆಯ ದೃಶ್ಯ ನನಗೆ ಅತಿ ಮುಖ್ಯ. ರೆಜೀನಾ ಮದುವೆಯ ಗೌನ್ ಹಾಕಿಕೊಂಡು ನಿಂತಿದ್ದಾಳೆ. ಸ್ನೋ ಒಳಗೆ ಬಂದು ‘ನೀನೂ ಡೇನಿಯಲ್ಲೂ ಎಷ್ಟು ಸಂತೋಷವಾಗಿರುತ್ತೀರಿ’ ಅನ್ನುವ ಧಾಟಿಯಲ್ಲಿ ಮಾತಾಡುತ್ತಾಳೆ. ಗುಟ್ಟು ಹೊರಗೆ ಹೋದದ್ದು ಹೇಗೆ ಅಂತ ರೆಜೀನಾಗೆ ಆಗಲೇ ಗೊತ್ತಾಗುವುದು. ಒಂದು ಕ್ಷಣ ಮುಖ ಗಟ್ಟಿಯಾಗುತ್ತದೆ, ತಕ್ಷಣ ನಗು ತಂದುಕೊಳ್ಳುತ್ತಾಳೆ. ಡೇನಿಯಲ್ ಓಡಿಹೋದ ಅಂತ ಸುಳ್ಳು ಹೇಳುತ್ತಾಳೆ. ರೆಜೀನಾ ಪಾತ್ರ ಮಾಡಿದ ಲಾನಾ ಪರಿಲ್ಲಾ ಆ ನಗುವಿನಲ್ಲಿ ಮುಂದಿನ ಆರು ಸೀಸನ್‌ಗಳನ್ನೂ ತೋರಿಸಿಬಿಟ್ಟಿದ್ದಾರೆ.

ಆ ಸುಳ್ಳಿನ ಪರಿಣಾಮ ಏನಾಯಿತು? ಡೇನಿಯಲ್ ಸತ್ತ ಅಂತ ಸ್ನೋಗೆ ಗೊತ್ತೇ ಇಲ್ಲ. ಗೊತ್ತಿಲ್ಲದ ತಪ್ಪಿಗೆ ಕ್ಷಮೆ ಕೇಳುವುದು ಹೇಗೆ? ನಿಜ ಗೊತ್ತಾಗುವುದು 21ನೇ ಎಪಿಸೋಡ್‌ನಲ್ಲಿ, ಸೇಬು ಕಚ್ಚುವ ಸ್ವಲ್ಪ ಮುಂಚೆ. ಅಂದರೆ ಸಿಟ್ಟು ಕರಗುವ ದಾರಿಯನ್ನು ರೆಜೀನಾ ತಾನೇ ಮುಚ್ಚಿದಳು. ಮಾತು ತಪ್ಪಿದ್ದಕ್ಕೆ ಮಾತ್ರ ಸಿಟ್ಟಾಗಿದ್ದರೆ ಆ ಕ್ಷಣದಲ್ಲೇ ಬೈದುಬಿಡಬಹುದಿತ್ತು. ಅವಳಿಗೆ ಆ ಸಿಟ್ಟು ಬೇಕಾಗಿತ್ತು.

ಕುದುರೆಲಾಯ
ನಾನು ಹೇಳಬೇಕು ಅಂದುಕೊಂಡಿದ್ದನ್ನು ನೀವೇ ಹೇಳಿದಿರಿ.

ಸೇಬಿನ ಮರ ಅವರೇ, ಕನ್ನಡಿಯ ವಿಷಯ ಸರಿ. ಆದರೆ ಎರಡನೇ ಸೀಸನ್‌ನ 9ನೇ ಎಪಿಸೋಡ್ ಇನ್ನೊಂದು ಸಲ ನೋಡಿ. ಶಾಪ ಹಾಕುವ ಮುಂಚೆ ರೆಜೀನಾ ಕಡಲ್ಗಳ್ಳ ಹುಕ್‌ನನ್ನು ಕರೆಸಿ ಅಮ್ಮನನ್ನು ಕೊಲ್ಲಲು ಕಳಿಸುತ್ತಾಳೆ. ಯಾಕೆ? ಅಮ್ಮನ ಮೇಲಿನ ಪ್ರೀತಿಯೇ ತನ್ನ ದೌರ್ಬಲ್ಯ ಅಂತ ಅವಳಿಗೆ ಭಯ. ಹುಕ್ ಕೋರಾಳ ದೇಹ ತಂದು ಮುಂದೆ ಇಡುತ್ತಾನೆ, ರೆಜೀನಾ ಅಲ್ಲಿ ಅಳುತ್ತಾಳೆ. ಕೋರಾ ಸತ್ತಿರುವುದಿಲ್ಲ, ಸುಮ್ನೆ ಮಲಗಿ ಮಗಳ ಮಾತು ಕೇಳಿಸಿಕೊಳ್ಳುತ್ತಿರುತ್ತಾಳೆ, ಅದು ಬೇರೆ ಮಾತು. ಎದುರಿಗಿದ್ದರೆ ಸೋತುಹೋಗುತ್ತೇನೆ ಅನ್ನುವ ಹೆದರಿಕೆಯಿಂದ ದೂರ ತಳ್ಳಿದ್ದಾಳೆ. ಸ್ನೋಳನ್ನು ಹುಡುಕಿಕೊಂಡು ಹೋಗುತ್ತಾಳೆ, ಅಮ್ಮನಿಂದ ಓಡಿಹೋಗುತ್ತಾಳೆ. ಎರಡನ್ನೂ ಒಂದೇ ಸಿಟ್ಟು ಅನ್ನಲಾಗುವುದಿಲ್ಲ.

ಒಡಕು ಕಪ್
ಎಲ್ಲರೂ ರಂಪಲ್‌ನನ್ನು ಮರೆತೇಬಿಟ್ಟಿದ್ದೀರಿ. ರೆಜೀನಾಳ ಸಿಟ್ಟು ತಾನಾಗಿ ಇಷ್ಟು ವರ್ಷ ಉರಿಯಲಿಲ್ಲ, ಅವನು ಬೆಂಕಿಗೆ ತುಪ್ಪ ಸುರಿಯುತ್ತಲೇ ಇದ್ದ.

ಎರಡನೇ ಸೀಸನ್‌ನ 5ನೇ ಎಪಿಸೋಡ್‌ನಲ್ಲಿ ಇದು ಬೆತ್ತಲಾಗಿ ಕಾಣುತ್ತದೆ. ರೆಜೀನಾ ಡೇನಿಯಲ್‌ನ ದೇಹ ಕೆಡದಂತೆ ಕಾಪಾಡಿ ಇಟ್ಟುಕೊಂಡಿದ್ದಾಳೆ, ಮತ್ತೆ ಬದುಕಿಸಬಹುದು ಅನ್ನುವ ಆಸೆ. ಆ ಆಸೆ ಇರುವವರೆಗೂ ಅವಳ ಮನಸ್ಸು ಮಾಟದ ಪಾಠದ ಮೇಲೆ ನಿಲ್ಲುವುದಿಲ್ಲ. ರಂಪಲ್ ಏನು ಮಾಡುತ್ತಾನೆ? ಲೋಕದಿಂದ ಲೋಕಕ್ಕೆ ಓಡಾಡುವ ಜೆಫರ್ಸನ್ ಕೈಯಲ್ಲಿ ಒಬ್ಬ ಡಾಕ್ಟರನ್ನು ಕರೆಸಿ, ಪ್ರಯತ್ನ ಮಾಡಿದ ಹಾಗೆ ನಾಟಕ ಆಡಿಸಿ, ಆಗಲಿಲ್ಲ ಅನ್ನಿಸುತ್ತಾನೆ. ಆಸೆ ಸತ್ತ ಹುಡುಗಿ ನೆಟ್ಟಗೆ ಇವನ ಹತ್ತಿರ ಬರುತ್ತಾಳೆ. ಅವನಿಗೆ ಬೇಕಾಗಿದ್ದೂ ಅದೇ. ಕಳೆದುಹೋದ ಮಗ ಇರುವ ಲೋಕಕ್ಕೆ ಹೋಗಲು ಅವನಿಗೆ ಶಾಪ ಬೇಕು, ಶಾಪ ಹಾಕಲು ಇನ್ನೊಬ್ಬರ ಕೈ ಬೇಕು.

ಕೈಕೇಯಿಯ ಕಿವಿಯಲ್ಲಿ ಮಂಥರೆ ಊದಿದ ಹಾಗೆ. ಕೈಕೇಯಿ ಯಾಕೆ ಹೀಗಾದಳು ಅಂತ ಎಷ್ಟು ಕೇಳಿದರೂ, ಪಕ್ಕದಲ್ಲಿ ಮಂಥರೆ ಇಲ್ಲದಿದ್ದರೆ ಆ ಎರಡು ವರಗಳು ಕೇಳದೇ ಉಳಿಯುತ್ತಿದ್ದವು ಅಲ್ವಾ?

ನೂಲಿನ ಚಕ್ರ
ಮಂಥರೆ ಹೋಲಿಕೆ ಅರ್ಧ ಮಾತ್ರ ಸರಿ. ಮಂಥರೆ ಏನೇ ಹೇಳಿದರೂ ಕೈಕೇಯಿಯ ಒಳಗೆ ಭರತನ ಚಿಂತೆ ಇದ್ದಿದ್ದಕ್ಕೇ ಅದು ನಾಟಿತು. ರೆಜೀನಾ ಒಳಗೆ ಏನಿತ್ತು ಅನ್ನುವುದೇ ಇಲ್ಲಿನ ಪ್ರಶ್ನೆ.

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ಲಿಯೋಪೋಲ್ಡ್. ಅವಳು ಒಲ್ಲದ ಮದುವೆಯಲ್ಲಿ ವರ್ಷಗಟ್ಟಲೆ ಬದುಕಿದಳು. ಮೊದಲ ಸೀಸನ್‌ನ 11ನೇ ಎಪಿಸೋಡ್‌ನಲ್ಲಿ ರಾಜ ತನ್ನ ಹುಟ್ಟುಹಬ್ಬದ ಔತಣದಲ್ಲಿ ಎಲ್ಲರೆದುರು ಮಗಳನ್ನು ಹೊಗಳುತ್ತಾನೆ, ಸತ್ತ ಹೆಂಡತಿಯನ್ನು ನೆನೆಯುತ್ತಾನೆ. ಈಗಿನ ಹೆಂಡತಿ ಅಲ್ಲೇ ನಿಂತಿದ್ದಾಳೆ, ಅವಳ ಬಗ್ಗೆ ಒಂದು ಮಾತಿಲ್ಲ. ಆಮೇಲೆ ಅವಳ ದಿನಚರಿ ಪುಸ್ತಕವನ್ನೂ ಓದುತ್ತಾನೆ. ಆ ಅರಮನೆಯಲ್ಲಿ ಇಷ್ಟೊಂದು ಪ್ರೀತಿ ಒಂದೇ ಹುಡುಗಿಗೆ ಸುರಿಯುತ್ತಿತ್ತು, ಅದೂ ಡೇನಿಯಲ್ ಸಾವಿಗೆ ಕಾರಣ ಆದವಳಿಗೆ. ದಿನಾ ಅದನ್ನೇ ನೋಡುತ್ತಾ ಕೂತರೆ ಸಿಟ್ಟು ಆರುವುದು ಹೇಗೆ? ರಂಪಲ್‌ಗಿಂತ ಈ ಮದುವೆಯೇ ಜಾಸ್ತಿ ಕೆಲಸ ಮಾಡಿದೆ ಅಂತ ನನ್ನ ಅಭಿಪ್ರಾಯ. ಕೆಲವರು ಲಿಯೋಪೋಲ್ಡ್‌ನನ್ನು ಒಳ್ಳೆಯ ರಾಜ ಅಂತಲೇ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದು ಆಗುವುದಿಲ್ಲ.

ಒಡಕು ಕಪ್
ಲಿಯೋಪೋಲ್ಡ್ ವಿಷಯ ಪೂರ್ತಿ ಒಪ್ಪಿದೆ.

ರಂಪಲ್ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ, ನನಗೆ ಈ ಸರಣಿಯಲ್ಲಿ ಅತ್ಯಂತ ಹತ್ತಿರದ ಪಾತ್ರ ಅವನು. ರಾಬರ್ಟ್ ಕಾರ್ಲೈಲ್ ಅಭಿನಯ ಬಿಡಿ, ಅದನ್ನು ಹೊಗಳುತ್ತಾ ಕೂತರೆ ಮುಗಿಯುವುದಿಲ್ಲ. ಅವನು ಮಾಡಿದ್ದೆಲ್ಲ ಮಗನಿಗಾಗಿ ಅಂತ ಹೆಚ್ಚಿನವರು ಹೇಳುತ್ತಾರೆ, ಅವನೂ ಹಾಗೇ ಹೇಳುತ್ತಾನೆ. ನನಗೆ ಅಲ್ಲಿ ಕಾಣುವುದು ಹೆದರಿಕೆ.

ಯುದ್ಧಕ್ಕೆ ಹೋದಾಗ ಒಬ್ಬ ಕಣಿ ಹೇಳುವ ಹುಡುಗಿ, ರಣರಂಗದಲ್ಲಿ ನೀನು ಮಾಡುವ ಕೆಲಸದಿಂದ ನಿನ್ನ ಮಗ ತಂದೆಯಿಲ್ಲದವನಾಗುತ್ತಾನೆ ಅನ್ನುತ್ತಾಳೆ. ಇವನು ಸುತ್ತಿಗೆ ತೆಗೆದುಕೊಂಡು ತನ್ನ ಕಾಲನ್ನೇ ಜಜ್ಜಿಕೊಂಡು ಮನೆಗೆ ಬರುತ್ತಾನೆ. ಹೆಂಡತಿ ಮಿಲಾಗೆ ಅದು ಹೇಡಿತನ. ಹೇಡಿಯ ಮಗ ಅನ್ನಿಸಿಕೊಂಡು ಬೆಳೆಯುವುದಕ್ಕಿಂತ ಸತ್ತವನ ಮಗ ಅನ್ನಿಸಿಕೊಳ್ಳುವುದು ವಾಸಿ ಅಂತ ಅವಳ ವಾದ. ಆಮೇಲೆ 14 ವರ್ಷದ ಮಕ್ಕಳನ್ನೂ ಯುದ್ಧಕ್ಕೆ ಎಳೆದುಕೊಂಡು ಹೋಗುವ ಕಾಲ ಬರುತ್ತದೆ. ಮಗ ಬೇಲ್‌ಫೈರ್‌ಗೆ ಆ ವಯಸ್ಸು ತುಂಬುತ್ತಿದೆ. ಆಗ ಮಾಟದ ಕಠಾರಿ ಕದ್ದು ‘ಡಾರ್ಕ್ ಒನ್’ ಅನ್ನುವ ಮಹಾ ಮಾಟಗಾರ ಆಗುತ್ತಾನೆ. ಇಲ್ಲಿಯವರೆಗೂ ಮಗನಿಗಾಗಿ ಅನ್ನಬಹುದು.

ಆಮೇಲಿನದನ್ನು ನೋಡಿ. ಒಬ್ಬನ ಗಾಡಿಯ ದೆಸೆಯಿಂದ ಬೇಲ್‌ಫೈರ್‌ನ ಮೊಣಕಾಲು ತರಚುತ್ತದೆ. ರಂಪಲ್ ಆ ಮನುಷ್ಯನನ್ನು ಬಸವನಹುಳ ಮಾಡಿ ಕಾಲಲ್ಲಿ ತುಳಿದುಹಾಕುತ್ತಾನೆ. ಮಗ ಬೇಡ ಬೇಡ ಅಂತ ಕೂಗುತ್ತಿದ್ದರೂ. ಮಗನೇ ದಾರಿ ಹುಡುಕುತ್ತಾನೆ. ಮಾಟವೇ ಇಲ್ಲದ ಲೋಕಕ್ಕೆ ಬಾಗಿಲು ತೆರೆಯುವ ಕಾಳು ತರುತ್ತಾನೆ, ‘ಬಾ ಅಪ್ಪ’ ಅಂತ ಬೇಡುತ್ತಾನೆ. ಇವನು ಒಂದು ಕೈಯಲ್ಲಿ ಕಠಾರಿಯನ್ನು ನೆಲಕ್ಕೆ ಚುಚ್ಚಿ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಮಗ ನೇತಾಡುತ್ತಿದ್ದಾನೆ. ಬಿಟ್ಟಿದ್ದು ಮಗನ ಕೈ.

ಮತ್ತೆ ಹೇಡಿ ಅನ್ನಿಸಿಕೊಳ್ಳುವ ಹೆದರಿಕೆ ಮಗನ ಮೇಲಿನ ಪ್ರೀತಿಗಿಂತ ಒಂದು ಗುಲಗಂಜಿ ತೂಕ ಹೆಚ್ಚಾಯಿತು. ಅಷ್ಟೇ ಆಗಿದ್ದು. ಪ್ರೀತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ.

ಗಡಿಯಾರ 8:15
ಮೂರನೇ ಸೀಸನ್ ಇದಕ್ಕೆ ಇನ್ನೊಂದು ಪದರ ಸೇರಿಸುತ್ತದೆ. ರಂಪಲ್‌ನ ಅಪ್ಪನೇ ಪೀಟರ್ ಪ್ಯಾನ್. ಮತ್ತೆ ಹುಡುಗನಾಗಬೇಕು ಅನ್ನುವ ಆಸೆಗೆ ಅವನೂ ಹೀಗೇ ಮಗನ ಕೈ ಬಿಟ್ಟವನು. ಅಪ್ಪ ಬಿಟ್ಟುಹೋದ ನೋವು ಏನು ಅಂತ ಗೊತ್ತಿದ್ದವನೇ ಅದನ್ನು ಮತ್ತೆ ಮಾಡುತ್ತಾನೆ.

ಕೊನೆಯ ಎಪಿಸೋಡ್‌ನಲ್ಲಿ ರಂಪಲ್ ತನ್ನ ಹೃದಯ ಕಿತ್ತು ಇನ್ನೊಬ್ಬರನ್ನು ಉಳಿಸಿದಾಗ ನಾನು ತುಂಬಾ ಅತ್ತೆ. ಬದಲಿಗೆ ಏನೂ ಕೇಳದೆ ಕೊಟ್ಟ. ಜೀವಮಾನವೆಲ್ಲ ವ್ಯವಹಾರ ಮಾಡಿದ ಮನುಷ್ಯ ಅವನು.

ಮರದ ಗೊಂಬೆ
ಮಗನಿಗಾಗಿ ಮಾಡಿದೆ ಅನ್ನುವ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಜೆಪೆಟ್ಟೊ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?

ಶಾಪದಿಂದ ತಪ್ಪಿಸಿಕೊಳ್ಳಲು ಮಾಡಿದ ಆ ಬೀರು. ಅದರಲ್ಲಿ ಒಬ್ಬರು ಮಾತ್ರ ಹೋಗಬಹುದು ಅಂತ ಎಲ್ಲರಿಗೂ ಹೇಳಿದ್ದು ಸುಳ್ಳು. ಇಬ್ಬರು ಹೋಗಬಹುದಿತ್ತು. ತನ್ನ ಮಗ ಪಿನೋಕಿಯೊಗೆ ಒಂದು ಜಾಗ ಕೊಟ್ಟರೆ ಮಾತ್ರ ಬೀರು ಮಾಡಿಕೊಡುತ್ತೇನೆ ಅಂತ ಜೆಪೆಟ್ಟೊ ಹಟ ಹಿಡಿದ. ಸ್ನೋಗೆ ಹೆರಿಗೆ ಬೇಗ ಆಯಿತು. ಅಮ್ಮನೂ ಮಗುವೂ ಒಟ್ಟಿಗೆ ಹೋಗಬಹುದಾಗಿದ್ದ ಬೀರುವಿನಲ್ಲಿ ಅಷ್ಟರಲ್ಲೇ ಪಿನೋಕಿಯೊನನ್ನು ಕಳಿಸಿಯಾಗಿತ್ತು. ಸ್ನೋಳ ಮಗಳು ಎಮ್ಮಾ ಹೆದ್ದಾರಿ ಪಕ್ಕದಲ್ಲಿ ಸಿಕ್ಕ ಅನಾಥ ಮಗುವಾಗಿ, ಯಾರ್ಯಾರದೋ ಮನೆಯಲ್ಲಿ ಬೆಳೆದಿದ್ದಕ್ಕೆ ರೆಜೀನಾಳ ಶಾಪ ಎಷ್ಟು ಕಾರಣವೋ ಈ ಮುದುಕನ ಪ್ರೀತಿಯೂ ಅಷ್ಟೇ ಕಾರಣ.

ರಂಪಲ್ ಮಾಡಿದರೆ ದುಷ್ಟತನ, ಜೆಪೆಟ್ಟೊ ಮಾಡಿದರೆ ಅಪ್ಪನ ಕರುಳು. ಅವನು ಮೆದುವಾಗಿ ಮಾತಾಡುತ್ತಾನೆ, ಕಣ್ಣಲ್ಲಿ ನೀರು ತುಂಬಿಕೊಂಡಿರುತ್ತಾನೆ, ಅದಕ್ಕೇ ಮನ್ನಿಸಿಬಿಡುತ್ತೇವೆ. ಮೂರನೇ ಸೀಸನ್‌ನಲ್ಲಿ ಎಮ್ಮಾ ಕೈಯಲ್ಲಿ ಖಾಲಿ ನಕ್ಷೆ ಇರುತ್ತದೆ. ನೀನು ಯಾರು ಅಂತ ಒಪ್ಪಿಕೊಂಡರೆ ಮಾತ್ರ ಗೆರೆ ಮೂಡುತ್ತದೆ. ಏನೇನೋ ಹೇಳಿ ನೋಡುತ್ತಾಳೆ, ಮೂಡುವುದಿಲ್ಲ. ಹೆತ್ತ ಅಮ್ಮ ಎದುರಿಗೇ ಇರುವಾಗ ‘ನಾನು ಅನಾಥೆ’ ಅಂದಾಗ ಮೂಡುತ್ತದೆ. ಆಗ ಸ್ನೋ ಮುಖ ನೋಡಿ. ಆ ಮುಖಕ್ಕೆ ಜೆಪೆಟ್ಟೊ ಉತ್ತರ ಹೇಳಬೇಕು.

ಸೇಬಿನ ಮರ
ಈ ಕಣ್ಣಿಂದ ನಾನು ಬೀರುವಿನ ಕಥೆ ನೋಡಿರಲಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಜೆಪೆಟ್ಟೊ ಮಾಡಿದ್ದು ಒಂದೇ ಸಲ, ಎಲ್ಲ ಮುಳುಗುತ್ತಿರುವ ಹೊತ್ತಲ್ಲಿ. ರಂಪಲ್ ವರ್ಷಗಟ್ಟಲೆ ಕೂತು ಲೆಕ್ಕ ಹಾಕಿ ಮಾಡಿದ. ಕಾರಣ ಒಂದೇ ಇರಬಹುದು, ಆದರೆ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸಿಲ್ಲ.

ಕುದುರೆಲಾಯ
ಸ್ನೋ ಮಾತು ಬಂದಿದ್ದಕ್ಕೆ, ಎರಡನೇ ಸೀಸನ್‌ನ ಮೇಣದಬತ್ತಿ ಪ್ರಸಂಗ ಹೇಳಲೇಬೇಕು. ನನಗೆ ಈ ಸರಣಿಯ ಅತ್ಯುತ್ತಮ ಬರವಣಿಗೆ ಅದು.

ಸ್ನೋಳ ಅಮ್ಮ ಸಾಯುತ್ತಿರುವಾಗ ನೀಲಿ ದೇವತೆಯ ವೇಷದಲ್ಲಿ ಕೋರಾ ಬಂದು ಒಂದು ಮಾಟದ ಮೇಣದಬತ್ತಿ ಕೊಡುತ್ತಾಳೆ. ಬೇರೆ ಯಾರಾದರೂ ಒಬ್ಬರನ್ನು ಬಲಿ ಕೊಟ್ಟರೆ ಅಮ್ಮ ಉಳಿಯುತ್ತಾಳೆ. ಆ ಪುಟ್ಟ ಹುಡುಗಿ ಬೇಡ ಅನ್ನುತ್ತಾಳೆ. ಅಮ್ಮನಿಗೆ ವಿಷ ಹಾಕಿದ್ದೇ ಕೋರಾ ಅನ್ನುವುದು ದೊಡ್ಡವಳಾದ ಮೇಲೆ ಗೊತ್ತಾಗುತ್ತದೆ. ಆಗ ಅದೇ ಮೇಣದಬತ್ತಿ ಹಚ್ಚುತ್ತಾಳೆ. ಕೋರಾ ತನ್ನ ಹೃದಯ ತಾನೇ ತೆಗೆದು ಪೆಟ್ಟಿಗೆಯಲ್ಲಿ ಇಟ್ಟವಳು. ಆ ಹೃದಯಕ್ಕೆ ಮಾಟ ಹಾಕಿ, ರೆಜೀನಾ ಕೈಗೆ ಕೊಟ್ಟು, ಇದನ್ನು ಎದೆಗೆ ಹಾಕಿದರೆ ನಿನ್ನ ಅಮ್ಮ ನಿನ್ನನ್ನು ಪ್ರೀತಿಸುತ್ತಾಳೆ ಅನ್ನುತ್ತಾಳೆ. ರೆಜೀನಾ ಓಡಿಹೋಗಿ ಹಾಕುತ್ತಾಳೆ. ಕೋರಾ ಮಗಳನ್ನು ನೋಡಿ ಮೊದಲ ಸಲ ಮನಸಾರೆ ನಗುತ್ತಾಳೆ. ನೀನೊಬ್ಬಳೇ ನನಗೆ ಸಾಕಾಗಿತ್ತು ಅಂತ ಹೇಳಿ, ಮಗಳ ತೋಳಲ್ಲೇ ಸಾಯುತ್ತಾಳೆ.

ಈಗ 18ನೇ ಎಪಿಸೋಡ್ ಪಕ್ಕದಲ್ಲಿ ಇಟ್ಟು ನೋಡಿ. ಅಮ್ಮ ಬೇಕು ಅನ್ನುವ ಸ್ನೋಳ ಹಂಬಲ ಬಳಸಿಕೊಂಡು ಕೋರಾ ಡೇನಿಯಲ್‌ನನ್ನು ಕೊಂದಳು. ಅಮ್ಮ ಬೇಕು ಅನ್ನುವ ರೆಜೀನಾಳ ಹಂಬಲ ಬಳಸಿಕೊಂಡು ಸ್ನೋ ಕೋರಾಳನ್ನು ಕೊಂದಳು. ಅದೇ ಕೆಲಸ, ಅದೇ ದಾರಿ. ರೆಜೀನಾಗೆ ಅಮ್ಮನ ಪ್ರೀತಿಯ ಲೆಕ್ಕ ಇರಲೇ ಇಲ್ಲ ಅಂದರೆ ಸ್ನೋಳ ಈ ಉಪಾಯ ನಡೆಯುತ್ತಲೇ ಇರಲಿಲ್ಲ. ಅವಳ ಒಳಗೆ ಏನಿದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಸ್ನೋ.

ನೂಲಿನ ಚಕ್ರ
ಆ ಮುಂದಿನ ಎಪಿಸೋಡ್‌ನಲ್ಲಿ ಸ್ನೋ ರೆಜೀನಾ ಮನೆಗೆ ಬಂದು ‘ನನ್ನನ್ನು ಕೊಂದುಬಿಡು’ ಅನ್ನುತ್ತಾಳೆ. ರೆಜೀನಾ ಅವಳ ಹೃದಯ ಹೊರಗೆ ತೆಗೆಯುತ್ತಾಳೆ, ಅದರಲ್ಲಿ ಒಂದು ಕಪ್ಪು ಚುಕ್ಕೆ ತೋರಿಸುತ್ತಾಳೆ, ತಿರುಗಿ ಒಳಗೆ ಇಡುತ್ತಾಳೆ. ಅಷ್ಟು ವರ್ಷ ಬೆನ್ನಟ್ಟಿದ ಹೃದಯ ಕೈಯಲ್ಲೇ ಇತ್ತು. ಹಿಸುಕಲಿಲ್ಲ.

ಸೇಬಿನ ಮರ
ಹಿಸುಕದೇ ಇದ್ದದ್ದು ದಯೆಯಿಂದಲ್ಲ. ದತ್ತು ಮಗ ಹೆನ್ರಿ ತನ್ನನ್ನು ಯಾವತ್ತೂ ಕ್ಷಮಿಸುವುದಿಲ್ಲ ಅಂತ ಗೊತ್ತಿತ್ತು, ಜೊತೆಗೆ ಸ್ನೋ ತಾನಾಗೇ ಹಾಳಾಗುವುದನ್ನು ನೋಡುವ ಆಸೆಯೂ ಇತ್ತು. ಆ ಹೊತ್ತಿಗೆ ರೆಜೀನಾ ಬದಲಾಗಿದ್ದಾಳೆ ಅಂತ ನಾನು ಹೇಳಲಾರೆ. ಬದಲಾವಣೆ ಶುರುವಾಗುವುದು ಪೀಟರ್ ಪ್ಯಾನ್‌ನ ದ್ವೀಪ ನೆವರ್‌ಲ್ಯಾಂಡ್‌ನಲ್ಲಿ.

ಮರದ ಗೊಂಬೆ
ಆರನೇ ಸೀಸನ್ ಬಗ್ಗೆ ಏನನ್ನುತ್ತೀರಿ? ಐದನೇ ಸೀಸನ್‌ನ ಕೊನೆಯಲ್ಲಿ ಔಷಧಿ ಚುಚ್ಚಿ ರೆಜೀನಾಳನ್ನು ಎರಡು ಮಾಡಿದ್ದು ನನಗೆ ಇಷ್ಟ ಆಗಲಿಲ್ಲ. ಒಳ್ಳೆಯವಳು ಇಲ್ಲಿ, ಕೆಟ್ಟವಳು ಅಲ್ಲಿ ಅಂತ ಬೇರ್ಪಡಿಸಿದ ಮೇಲೆ ಪಾತ್ರದ ಒಳಗಿನ ಹೋರಾಟವೇ ಹೋಯಿತು. ಕಾರಣವಿಲ್ಲದ ದುಷ್ಟತನ ನೋಡಲು ಬೇಜಾರು.

ಗಡಿಯಾರ 8:15
ಬೇಜಾರು ನನಗೂ ಆಯಿತು, ಆದರೆ 14ನೇ ಎಪಿಸೋಡ್ ಅದನ್ನು ಸರಿಮಾಡಿತು. ಹಳೆಯ ಕಥೆಯಲ್ಲಿ ರಾಣಿ ಒಂದು ಬಾಣಕ್ಕೆ ಮಾಟ ಹಾಕುತ್ತಾಳೆ. ತಾನು ಜಗತ್ತಿನಲ್ಲಿ ಅತಿ ಹೆಚ್ಚು ದ್ವೇಷಿಸುವವರ ಹತ್ತಿರ ಅದು ಕರೆದುಕೊಂಡು ಹೋಗಬೇಕು. ಸ್ನೋ ಸಿಗುತ್ತಾಳೆ ಅಂದುಕೊಂಡು ಹಿಂದೆ ಹೋಗುತ್ತಾಳೆ. ಬಾಣ ಅವಳನ್ನು ಅರಮನೆಗೇ ಕರೆತಂದು ಕನ್ನಡಿಯ ಎದುರು ನಿಲ್ಲಿಸುತ್ತದೆ. ಈ ಚರ್ಚೆಯ ಪ್ರಶ್ನೆಗೆ ಸರಣಿಯೇ ಕೊಟ್ಟ ಉತ್ತರ ಅದು. ಸ್ನೋಳೂ ಅಲ್ಲ, ಕೋರಾಳೂ ಅಲ್ಲ. ಆ ಎಪಿಸೋಡ್‌ನ ಕೊನೆಯಲ್ಲಿ ಎರಡು ಭಾಗಗಳೂ ಪರಸ್ಪರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹಂಚಿಕೊಳ್ಳುತ್ತವೆ. ಬೇರ್ಪಡಿಸಿದ್ದೇ ಇದನ್ನು ಹೇಳಲು ಅನ್ನಿಸಿತು.

ಸೇಬಿನ ಮರ
ತನ್ನನ್ನೇ ಯಾಕೆ ದ್ವೇಷಿಸಬೇಕು? ಡೇನಿಯಲ್‌ಗೆ ಅವಳೇನೂ ಮಾಡಲಿಲ್ಲವಲ್ಲ.

ಕುದುರೆಲಾಯ
ಮಾಡಲಿಲ್ಲ, ಆದರೆ ಮಾಡಿದೆ ಅಂತ ಅವಳ ಮನಸ್ಸು ಹೇಳುತ್ತಿರಬೇಕು. ಆ ಕುದುರೆಯಿಂದ ಸ್ನೋಳನ್ನು ಕಾಪಾಡಿದವಳು ಅವಳೇ. ಗುಟ್ಟನ್ನು ಮಗುವಿನ ಕೈಗೆ ಕೊಟ್ಟವಳೂ ಅವಳೇ. ಕುದುರೆ ಬೆದರಿದ್ದೂ ಅಮ್ಮನ ಸಂಚು ಅಂತ ಗೊತ್ತಾದಾಗ, ಅವಳನ್ನು ಅಲ್ಲೇ ಸಾಯಲು ಬಿಡಬೇಕಿತ್ತು ಅನ್ನುತ್ತಾಳೆ. ಸಂಚು ಮಾಡಿದವಳು ಪಕ್ಕದಲ್ಲೇ ಇದ್ದಾಳೆ, ಇವಳಿಗೆ ತೋಚುವುದು ತಾನು ಮಾಡಿದ ಆ ಒಳ್ಳೆಯ ಕೆಲಸದ ಮೇಲಿನ ಪಶ್ಚಾತ್ತಾಪ.

ಶಾಪದ ಬೆಲೆಯನ್ನೂ ಇದರ ಜೊತೆ ಇಟ್ಟು ನೋಡಿ. ಅತಿ ಹೆಚ್ಚು ಪ್ರೀತಿಸುವ ಜೀವದ ಹೃದಯ ಬೇಕು. ಮೊದಲು ತನ್ನ ಮೆಚ್ಚಿನ ಕುದುರೆಯ ಹೃದಯ ಹಾಕುತ್ತಾಳೆ, ಶಾಪ ಹತ್ತುವುದಿಲ್ಲ. ಆಮೇಲೆ ಅಪ್ಪನನ್ನು ಕೊಲ್ಲುತ್ತಾಳೆ. ಬೇಡಮ್ಮ, ಇದನ್ನೆಲ್ಲ ಬಿಟ್ಟು ಹೊಸ ಬದುಕು ಶುರು ಮಾಡೋಣ ಅಂತ ಹೇಳಿದ ಒಬ್ಬನೇ ಮನುಷ್ಯ ಅವನು. ಸ್ಟೋರಿಬ್ರೂಕ್‌ನಲ್ಲಿ ಮಗುವನ್ನು ದತ್ತು ತೆಗೆದುಕೊಂಡಾಗ ಇಡುವುದು ಆ ಅಪ್ಪನ ಹೆಸರನ್ನೇ, ಹೆನ್ರಿ. ಸ್ನೋ ಮೇಲಿನ ಸೇಡು ಮಾತ್ರ ಅವಳನ್ನು ನಡೆಸುತ್ತಿದ್ದಿದ್ದರೆ ಆ ಹೆಸರು ಬೇಕಾಗಿರಲಿಲ್ಲ.

ಸೇಬಿನ ಮರ
ಹೆಸರಿನ ಮಾತು ಬಲವಾಗಿದೆ. ಆದರೂ ಒಂದು ಕೇಳುತ್ತೇನೆ. ನೆವರ್‌ಲ್ಯಾಂಡ್‌ನಲ್ಲಿ ಪ್ಯಾನ್ ರೆಜೀನಾ, ಎಮ್ಮಾ, ಸ್ನೋ ಮೂವರನ್ನೂ ಪಶ್ಚಾತ್ತಾಪದ ಮರಕ್ಕೆ ಕಟ್ಟಿಹಾಕುತ್ತಾನೆ. ರೆಜೀನಾ ಮಾತ್ರ ಸಲೀಸಾಗಿ ಬಿಡಿಸಿಕೊಳ್ಳುತ್ತಾಳೆ. ಅಷ್ಟೆಲ್ಲ ಪಾಪ ಮಾಡಿದ್ದರೂ ಪಶ್ಚಾತ್ತಾಪ ಇಲ್ಲ, ಯಾಕೆಂದರೆ ಅದರಿಂದಲೇ ತನಗೆ ಮಗ ಸಿಕ್ಕಿದ ಅನ್ನುತ್ತಾಳೆ. ತನ್ನನ್ನು ತಾನೇ ದ್ವೇಷಿಸುವವಳು ಹೀಗೆ ಮಾತಾಡುತ್ತಾಳಾ?

ಕುದುರೆಲಾಯ
ಅಲ್ಲಿ ಹೆನ್ರಿಯ ಜೀವ ಪ್ಯಾನ್ ಕೈಯಲ್ಲಿತ್ತು. ಅಮ್ಮನ ಪಾತ್ರದಲ್ಲಿ ನಿಂತಾಗ ಮಾತ್ರ ಅವಳಿಗೆ ತನ್ನ ಮೇಲೆ ತನಗೇ ಸಂಶಯ ಇರುವುದಿಲ್ಲ. ಮೂರನೇ ಸೀಸನ್‌ನ 9ನೇ ಎಪಿಸೋಡ್ ಅದು. ಅದರಲ್ಲೇ ಅವಳು ಹೆನ್ರಿಯನ್ನು ದತ್ತು ತೆಗೆದುಕೊಂಡ ಕಥೆಯೂ ಬರುತ್ತದೆ, ಅಳು ನಿಲ್ಲಿಸದ ಕೂಸನ್ನು ಎತ್ತಿಕೊಂಡು ಏನು ಮಾಡುವುದೆಂದು ತೋಚದೆ ನಿಲ್ಲುವ ದೃಶ್ಯಗಳು. ಆ ಎರಡು ಕಥೆಗಳನ್ನು ಒಂದೇ ಎಪಿಸೋಡ್‌ನಲ್ಲಿ ಯಾಕೆ ಹೆಣೆದರು ಅಂತ ಯೋಚಿಸಿ ನೋಡಿ. ಕೋರಾ ಆಗದೇ ಇರುವುದು ಹೇಗೆ ಅಂತ ಅವಳು ಕಲಿಯುತ್ತಿರುವುದು ಅಲ್ಲೇ.